ಹಾಲೇಶನ ಮೀಸೆಯ ಮೇಲೆ ನಿಂತ ನೀರು

"ಗೆದ್ದಾಯ್ತು ಅಂತಲೇ ಇಟ್ಕೋ!" ಎಂದು ಜಾವಳಿಯ ಶಶಿಧರ್ ಅವರು ಮತ ಎಣಿಕೆಯ ಹಿಂದಿನ ದಿನ ಹೆಂಡತಿ ದೀಪಶ್ರೀಯ ಎದುರು ಎದೆ ತಟ್ಟಿ ಘೋಷಿಸಿದರು.

ಶಶಿಧರ್ ಚಿಕ್ಕ ಕಾಫಿ ತೋಟದವರು, ಆದರೆ ದೊಡ್ಡ ಎಡಪಂಥೀಯರು. ಉಪಚುನಾವಣೆಗೆ ಅವರ ಕೆಂಬಾವುಟದಿಂದ ನಿಂತವರು ತೋಟ ಕಾರ್ಮಿಕರ ನಾಯಕ ತಿಮ್ಮಪ್ಪ. ಎದುರಾಳಿ ಕಹಳೆ ಗುರುತಿನ ಹಾಲೇಶ್. ಈ ಹಾಲೇಶ್ ಹೋದಲ್ಲೆಲ್ಲ ಮೀಸೆ ತಿರುವಿ, "ನಮ್ಮ ಧರ್ಮ, ನಮ್ಮ ಮಣ್ಣು, ನಮ್ಮ ಕಾಫಿ! ನನ್ನನ್ನು ಗೆಲ್ಲಿಸಿ, ತೋಟಕ್ಕೆ ನುಗ್ಗೋ ಆನೆ ನನ್ನ ಮೀಸೆ ನೋಡಿಯೇ ಓಡುತ್ತೆ!" ಎಂದು ಗುಡುಗುತ್ತಿದ್ದ. ಇಂಥವನಿಗೆ ಯಾರಾದರೂ ವೋಟು ಹಾಕುತ್ತಾರೆಯೇ? ಶಶಿಧರ್ ಬಹಳ ಜನರನ್ನು ವಿಚಾರಿಸಿ ನೋಡಿದ್ದರು, ಒಬ್ಬರೂ ಹಾಕುವವರಿರಲಿಲ್ಲ! ವಿಚಾರಿಸಿದ್ದು ಬರೀ ಪಕ್ಷದ ಸಭೆಗಳಲ್ಲಿ ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲ.

ವಿಜಯೋತ್ಸವದ ಚಪ್ಪರ ಮೂಡಿಗೆರೆಯಲ್ಲಿ. ಅದಕ್ಕಾಗಿ ಮನೆಯಲ್ಲಿದ್ದ ಟಾರ್ಪಾಲುಗಳನ್ನೆಲ್ಲ ಜೀಪಿಗೆ ಹೇರಿಸಿದರು.

"ರೀ, ಕಣದ ತುಂಬ ಕಾಫಿ ಒಣಗ್ತಾ ಇದೆ. ಮಳೆಗಿಳೆ ಬಂದ್ರೆ ಏನು ಹೊದಿಸ್ತೀರಿ?" ಎಂದಳು ದೀಪಶ್ರೀ.

"ಜನವರೀಲಿ ಮಳೆನಾ? ಜನವರೀಲಿ ಮಳೆ ಬರೋದೂ ಒಂದೇ, ಹಾಲೇಶ ಗೆಲ್ಲೋದೂ ಒಂದೇ!"

ಮಾರನೆಯ ದಿನ ಹಾಲೇಶ್ ಗೆದ್ದ.

ಅಲ್ಪಸ್ವಲ್ಪವಲ್ಲ, ಭರ್ಜರಿಯಾಗಿ ಗೆದ್ದ. ಶಶಿಧರ್ ಟಿವಿ ಆರಿಸಿದರು, ಮತ್ತೆ ಹಾಕಿದರು, ಚಾನೆಲ್ ಬದಲಿಸಿದರು. ಎಲ್ಲ ಚಾನೆಲ್ಲಿನಲ್ಲೂ ಅದೇ ಮೀಸೆ! ಕೊನೆಗೆ, "ಪ್ರಜಾಪ್ರಭುತ್ವ ಸತ್ತೋಯ್ತು" ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ವಿಜಯದ ಹೆಸರಿನಲ್ಲಿ ಮಾಡಿದ್ದ ಕೋಳಿ ಸಾರಿನ ಪರಿಮಳ ಮಾತ್ರ ಸುಮ್ಮನಿರದೆ ಕೋಣೆಯೊಳಗೂ ಬಂತು.

"ಸೂತಕದ ಮನೇಲಿ ಕೋಳಿ ತಿನ್ಬಾರ್ದು ಅಲ್ವಾ? ಹಾಗಾದ್ರೆ ನಾಯಿಗೆ ಹಾಕ್ತೀನಿ" ಎಂದಳು ದೀಪಶ್ರೀ.

"ನಾಲ್ಕು ಕಡುಬು ಹಾಕು" ಎಂದಿತು ಗೋಡೆಯ ಕಡೆಯಿಂದ ಒಂದು ಕ್ಷೀಣ ಧ್ವನಿ. "ಹೋರಾಟಕ್ಕೆ ಶಕ್ತಿ ಬೇಕು."

ಸಂಜೆಗೆ ಪಕ್ಕದ ತೋಟದ ದೇವರಾಜ ಬಂದ. ಎರಡೂ ಮನೆಗೂ ಮೊದಲಿನಿಂದ ಮುಯ್ಯಾಳಿನ ನಂಟು. ಇವರ ಕೊಯ್ಲಿಗೆ ಅವರು, ಅವರ ಕೊಯ್ಲಿಗೆ ಇವರು. ಕೂಲಿಯ ಮಾತೇ ಇಲ್ಲ.

"ಶಶಿಯಣ್ಣ, ನಾಳೆ ನಮ್ಮನೆ ಕೊಯ್ಲಿಗೆ ಬರ್ತೀರಲ್ಲ?"

"ಮೊದ್ಲು ಹೇಳು, ನೀನು ಯಾರಿಗೆ ಹಾಕ್ದೆ?"

"ಕಹಳೆಗೇ ಮಾರಾಯ್ರೆ. ಆನೆ ಓಡಿಸ್ತೀನಿ ಅಂದ್ನಲ್ಲ!"

ಶಶಿಧರ್ ಕಡುಬಿನ ತಟ್ಟೆಯ ಸಮೇತ ಎದ್ದು ನಿಂತರು. "ಮುಯ್ಯಾಳು ಇವತ್ತಿಗೆ ರದ್ದು! ಕಹಳೆಯವರ ಜೊತೆ ನನಗೆ ಮಾತಿಲ್ಲ, ಕತೆಯಿಲ್ಲ. ಇನ್ನು ನನ್ನ ಕಣಕ್ಕೆ ಕಾಲಿಡ್ಬೇಡ!"

ದೇವರಾಜ ತಲೆ ಕೆರೆದುಕೊಂಡು ಹೊರಟುಹೋದ. ಶಶಿಧರ್ ಅದೇ ಆವೇಶದಲ್ಲಿ ತಿಮ್ಮಪ್ಪನವರಿಗೆ ಫೋನು ಮಾಡಿ, ಸೋಲಿನ ಆತ್ಮಾವಲೋಕನ ಸಭೆ ಬರುವ ಭಾನುವಾರ ತಮ್ಮ ಮನೆಯಲ್ಲೇ ಆಗಲಿ, ಬರುವಾಗ ಟಾರ್ಪಾಲು ತನ್ನಿ ಎಂದರು.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಕುದುರೆಮುಖದ ಕಡೆಯ ಆಕಾಶ ಕಪ್ಪಿಟ್ಟಿದೆ! ಕಣದಲ್ಲಿ ವರ್ಷದ ಫಸಲೆಲ್ಲ ಹರಡಿದೆ. ಒಣಗುತ್ತಿರುವ ಕಾಫಿ ಮತ್ತೆ ನೆನೆದರೆ ಬೂಷ್ಟು ಹಿಡಿದು ಯಾರೂ ಮೂಸಿಯೂ ನೋಡುವುದಿಲ್ಲ. ಶಶಿಧರ್ ಒಳಗಿದ್ದ ಬೆಡ್‌ಶೀಟು, ಕಂಬಳಿ, ಕೊನೆಗೆ ಮದುವೆಯ ಜಮಖಾನವನ್ನೂ ಹೊತ್ತು ತಂದರು. ಕಣದ ಒಂದು ಮೂಲೆಯೂ ಮುಚ್ಚಲಿಲ್ಲ.

"ದೇವರಾಜಣ್ಣನ್ನ ಕರೀರಿ!" ಎಂದಳು ದೀಪಶ್ರೀ.

"ಪ್ರಾಣ ಹೋದ್ರೂ ಕರೆಯಲ್ಲ!"

ಮೊದಲ ಹನಿ ಅವರ ಬೋಳು ತಲೆಯ ನಡುಮಧ್ಯಕ್ಕೇ ಬಿತ್ತು.

"ದೇವರಾಜಾ! ಲೋ ದೇವರಾಜಾ!"

ಎರಡನೆಯ ಕೂಗಿನ ಅಗತ್ಯವೇ ಇರಲಿಲ್ಲ. ಹೆಗಲ ಮೇಲೆ ದೊಡ್ಡ ಸುರುಳಿ ಹೊತ್ತ ದೇವರಾಜ ಆಗಲೇ ಬೇಲಿ ದಾಟುತ್ತಿದ್ದ. "ಮೋಡ ನೋಡ್ತಿದ್ದಂಗೆ ಹೊರಟೆ. ನಿಮ್ಮ ಟಾರ್ಪಾಲೆಲ್ಲ ಚಪ್ಪರಕ್ಕೆ ಹೋಗಿದೆಯಲ್ಲ! ಹಿಡೀರಿ ಆ ತುದಿ!"

ಸುರುಳಿ ಬಿಚ್ಚಿತು. ಮೊದಲು ಎರಡು ಮುಗಿದ ಕೈ, ಆಮೇಲೆ ಮೀಸೆ, ಆಮೇಲೆ ಹಲ್ಲು ಕಿರಿದ ಹಾಲೇಶ್! ಸೌದೆ ಮುಚ್ಚಲಿಕ್ಕೆಂದು ದೇವರಾಜ ಕೇಳಿ ತಂದಿಟ್ಟುಕೊಂಡ ಚುನಾವಣೆಯ ಫ್ಲೆಕ್ಸು ಅದು.

"ಮುಖ ಕೆಳಗೆ ಮಾಡಿ ಹಾಕೋ!" ಎಂದು ಚೀರಿದರು ಶಶಿಧರ್.

"ಬಣ್ಣ ಕಾಫಿಗೆ ಹತ್ತತ್ತೆ ಮಾರಾಯ್ರೆ. ಮೇಲೇ ಇರ್ಲಿ ಬಿಡಿ."

ಇಡೀ ಕಣದ ಉದ್ದಕ್ಕೂ ಹಾಲೇಶ್ ಅಂಗಾತ ಮಲಗಿದ. ಮಳೆ ಧೋ ಎಂದು ಸುರಿಯಿತು. ಫ್ಲೆಕ್ಸು ತಗ್ಗಾದ ಮೀಸೆಯ ಜಾಗದಲ್ಲಿ ನೀರು ಮಡುಗಟ್ಟತೊಡಗಿತು. ಅದು ತೂತು ಬಿದ್ದರೆ ಕಾಫಿಯ ಕತೆ ಮುಗಿಯಿತು! ಶಶಿಧರ್ ಪೊರಕೆ ಹಿಡಿದು, ಫ್ಲೆಕ್ಸು ಹರಿಯದ ಹಾಗೆ ಮೆಲ್ಲಗೆ, ಕೂಸಿಗೆ ಸ್ನಾನ ಮಾಡಿಸುವಷ್ಟು ನಾಜೂಕಾಗಿ ಮೀಸೆ ಸವರುತ್ತಿದ್ದಾಗ ಗೇಟಿನಲ್ಲಿ ಜೀಪು ನಿಂತಿತು. ತಿಮ್ಮಪ್ಪನವರು! ಹಿಂದೆ ಕೆಂಬಾವುಟದ ಗೆಳೆಯರೆಲ್ಲ! ಟಾರ್ಪಾಲು ಮಾತ್ರ ಮರೆತು ಬಂದಿದ್ದರು.

ತಿಮ್ಮಪ್ಪನವರು ಹಾಲೇಶನನ್ನು ನೋಡಿದರು, ಪೊರಕೆ ನೋಡಿದರು. "ಶಶಿ, ನೀನೂನಾ?"

ಶಶಿಧರ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಿಮ್ಮಪ್ಪನವರು ಮಾತ್ರ ಅಂಚು ಎತ್ತಿ ಒಳಗಿನ ಕಾಫಿ ನೋಡಿ, ನಗುತ್ತ ಒಂದು ಕಲ್ಲು ತಂದು ಹಾರುತ್ತಿದ್ದ ಮೂಲೆಯ ಮೇಲಿಟ್ಟರು. ಹೇಗಿದ್ದರೂ ಅವರು ತೋಟದ ಮನುಷ್ಯ.

ಜಗುಲಿಯಲ್ಲಿ ಆತ್ಮಾವಲೋಕನ ಶುರುವಾಯಿತು. ಟಿವಿಯವರದ್ದು ತಪ್ಪು ಎಂದರು ಒಬ್ಬರು. ಜನರದ್ದೇ ತಪ್ಪು ಎಂದರು ಇನ್ನೊಬ್ಬರು. ಜಾಗತಿಕ ಪರಿಸ್ಥಿತಿಯದ್ದು ಎಂದರು ಶಶಿಧರ್. ತಿಮ್ಮಪ್ಪನವರು ಮೆಟ್ಟಿಲ ಮೇಲೆ ತೊಪ್ಪೆಯಾಗಿ ಕೂತಿದ್ದ ದೇವರಾಜನ ಕಡೆ ತಿರುಗಿದರು.

"ನೀವು ಹೇಳಿ ದೇವರಾಜಣ್ಣ. ನಮಗೆ ಯಾಕೆ ಹಾಕ್ಲಿಲ್ಲ?"

"ಕೇಳಿದ್ರೆ ತಾನೇ? ಹಾಲೇಶ ಮನೆಗೆ ಬಂದು ಕೈ ಮುಗ್ದ. ಶಶಿಯಣ್ಣ ಹೊರನಾಡಲ್ಲಿ ಭಾಷಣ ಮಾಡಿದ್ರು, ಕಳಸದಲ್ಲಿ ಮಾಡಿದ್ರು. ಬೇಲಿ ದಾಟಿ ನನ್ನ ಹತ್ರ ಬರ್ಲೇ ಇಲ್ಲ. ಮುಯ್ಯಾಳಿನ ಮನೆಯವ್ರು ಕೇಳಿದ್ರೆ ಇಲ್ಲ ಅನ್ನೋಕಾಗತ್ತಾ?"

ಶಶಿಧರ್ ಎದ್ದು ಬಂದು ಮೆಟ್ಟಿಲ ಮೇಲೆ ದೇವರಾಜನ ಪಕ್ಕ ಕೂತರು. "ತಪ್ಪಾಯ್ತು ಮಾರಾಯ. ನಾಳೆ ನಿಮ್ಮನೆ ಕೊಯ್ಲಿಗೆ ಬರ್ತೀನಿ. ಮುಂದಿನ ಸಲ ಮೊದಲನೇ ವೋಟು ನಿನ್ನ ಹತ್ರಾನೇ ಕೇಳ್ತೀನಿ!"

"ದೇವರಾಜಣ್ಣನ ಹತ್ರ ಆಮೇಲೆ ಕೇಳಿ" ಎಂದಳು ಕಾಫಿ ತಂದ ದೀಪಶ್ರೀ, ಲೋಟ ಕೊಡುತ್ತ. "ನನ್ನ ಹತ್ರ ಯಾವತ್ತು ಕೇಳಿದ್ರಿ?"

ಹಾಗಾದರೆ ನೀನು ಯಾರಿಗೆ ಹಾಕಿದೆ ಎಂದು ಕೇಳಲು ಶಶಿಧರ್ ಬಾಯಿ ತೆರೆದರು. ಹೆಂಡತಿಯ ಮುಖ ನೋಡಿ ಹಾಗೆಯೇ ಮುಚ್ಚಿದರು. ಹಾಲೇಶನ ಮೀಸೆಯ ಮೇಲೆ ಮತ್ತೆ ನೀರು ನಿಂತಿರಬೇಕು ಎಂದು ಗೊಣಗುತ್ತ, ಪೊರಕೆ ಎತ್ತಿಕೊಂಡು ಕಣಕ್ಕೆ ಇಳಿದರು.