ಮಾಳಿಗೆಯ ಮೇಲೆ ಮದುವೆಯ ಸೀಡಿ

ಹೆಂಡತಿಯ ತಮ್ಮನ ಮದುವೆಯಲ್ಲಿ ಕುಣಿಯುವುದು ಅಳಿಯನಾದವನ ಧರ್ಮವೆಂದು ಯಾರೋ ನನ್ನ ಕಿವಿಯಲ್ಲಿ ಊದಿದ್ದರು. (ಊದಿದವರು ಬ್ಯಾಂಡಿನವರೇ ಇರಬೇಕು.) ಬಸವಕಲ್ಯಾಣದಲ್ಲಿ ನನ್ನ ಭಾವಮೈದುನ ಶರಣಕುಮಾರನ ಮೆರವಣಿಗೆ ಹೊರಟಾಗ ನಾನು ರೂಢಿಯಿಲ್ಲದ ಧೋತರ ಉಟ್ಟು ಕುದುರೆಯ ಪಕ್ಕದಲ್ಲಿ ಕುಣಿದೆ. ಧೋತರದ ಚುಂಗು ಜೀನಿಗೆ ಸಿಕ್ಕಿಕೊಂಡಿತು. ಪಟಾಕಿಗೆ ಬೆದರಿ ಕುದುರೆ ಓಡಿತು. ಮದುಮಗ ಹೋದ, ಧೋತರ ಹೋಯಿತು, ಪಟ್ಟೆಪಟ್ಟೆ ಚಡ್ಡಿಯಲ್ಲಿ ನಾನು ಎರಡರ ಹಿಂದೆಯೂ ಓಡಿದೆ. ದ್ರೌಪದಿಗಾದರೆ ಸೀರೆ ಕೊಡಲು ಒಬ್ಬನಿದ್ದ. ನನಗೆ ಯಾರೂ ಒಂದು ಟವೆಲ್ಲೂ ಕೊಡಲಿಲ್ಲ.

ಜನ ಮರೆಯುತ್ತಿದ್ದರೋ ಏನೋ. ಆದರೆ ಸ್ಟುಡಿಯೋದ ಬಂದೇನವಾಜ್ ಎಲ್ಲವನ್ನೂ ಚಿತ್ರೀಕರಿಸಿ, ಸೀಡಿಗೆ ಹಾಕಿ ಕೊಟ್ಟುಬಿಟ್ಟ. ಹುಮನಾಬಾದಿನ ನಮ್ಮ ಮನೆಗೆ ಯಾರು ಬಂದರೂ ನನ್ನ ಹೆಂಡತಿ ದೀಪಾಲಿ ಅದನ್ನೇ ಹಾಕುತ್ತಿದ್ದಳು. "ನಮ್ಮ ಮನಿಯವರು ಭಾಳ ಹೌಸಿಲೆ ಕುಣದಾರ ನೋಡ್ರಿ," ಎನ್ನುತ್ತಿದ್ದಳು. ಅವಳ ಮನಸ್ಸಿನಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ, ಅದೇ ತೊಂದರೆ. ಅವಳು ಸೀಡಿ ಹಾಕಿದಾಗಲೆಲ್ಲ ನನಗೆ ಸಿಡಿಮಿಡಿ.

ಆ ಬೇಸಿಗೆಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ನಾನು ಮುಖ್ಯೋಪಾಧ್ಯಾಯನಾದೆ. ಶಾಲೆ ಶುರುವಾಗುವ ಮೊದಲು ಸಹೋದ್ಯೋಗಿಗಳನ್ನೆಲ್ಲ ಮನೆಗೆ ಕರೆದು ಚಹಾ, ಭಜಿ ಮತ್ತು ಸೀಡಿ ಕೊಡುವುದೆಂದು ದೀಪಾಲಿ ನಿರ್ಧರಿಸಿದಳು. ಶಿಸ್ತಿನ ಸಿಪಾಯಿ ಎಂದು ಹೆಸರಾದವನ ಚಡ್ಡಿಯ ಪಟ್ಟೆಯನ್ನು ಇಡೀ ಸಿಬ್ಬಂದಿ ನೋಡಿದರೆ ಮುಂದೆ ಯಾರು ನನ್ನ ಗಂಟೆಗೆ ಕಿವಿಗೊಟ್ಟಾರು?

ಆಗಲೇ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಒಂದು ಲೇಖನ ಬಂತು: ಬರೆಯಬಹುದಾದ ಸೀಡಿಗಳು ಯಾಕೆ ಕೆಡುತ್ತವೆ, ಬಾಳಿಕೆ ಬರಲು ಏನು ಮಾಡಬೇಕು. ನಾನು ಮೊದಲರ್ಧವನ್ನು ಕತ್ತರಿಸಿ ಜೇಬಿಗಿಟ್ಟೆ. ಇಂಥ ಸೀಡಿಯೊಳಗೆ ತೆಳುವಾದ ಬಣ್ಣದ ಪದರವೊಂದಿರುತ್ತದಂತೆ. ಅದನ್ನು ಬೆಳಕಿನಿಂದ ಸುಟ್ಟು ಬರೆದಿರುತ್ತಾರಂತೆ. ಬೆಳಕು ಬರೆದದ್ದನ್ನು ಬೆಳಕೇ ಅಳಿಸುತ್ತದೆ. ಬಿಸಿಲು, ಕಾವು, ಹಬೆ, ಗೋಂದಿನ ಚೀಟಿ, ಮೊನಚು ಪೆನ್ನು, ಎಲ್ಲವೂ ಅದರ ಶತ್ರುಗಳು. ನನ್ನ ಶತ್ರುವಿನ ಶತ್ರುಗಳನ್ನೆಲ್ಲ ನಾನು ಮಿತ್ರರೆಂದು ಬರಮಾಡಿಕೊಂಡೆ.

ಸೀಡಿಯನ್ನು ಅನ್ನ ಬೇಯುವಾಗ ಹಬೆಗೆ ಹಿಡಿದೆ. ಬಾಲ್‌ಪೆನ್ನಿನಿಂದ ಮದುವೆಯ ತಾರೀಖನ್ನು ಒತ್ತಿ ಒತ್ತಿ ಬರೆದೆ. "ಜೋಪಾನವಾಗಿಡಿ" ಎಂಬ ಚೀಟಿಯನ್ನು ಯಥೇಚ್ಛ ಗೋಂದು ಬಳಿದು ಅಂಟಿಸಿದೆ. ಹುಮನಾಬಾದಿನ ಬೇಸಿಗೆಯನ್ನು ನಂಬಿ ದಿನವೂ ಮಾಳಿಗೆಯ ಮೇಲೆ ಹಪ್ಪಳಗಳ ನಡುವೆ ಹೊಳೆಯುವ ಮೈ ಮೇಲೆ ಮಾಡಿ ಇಟ್ಟೆ. ಒಂದು ಮಧ್ಯಾಹ್ನ ದೀಪಾಲಿ ನೋಡಿಬಿಟ್ಟಳು.

"ಇದನ್ಯಾಕ ಬಿಸಲಾಗ ಇಟ್ಟೀರಿ?"

"ಬೂಸಲು ಹಿಡೀಬಾರದಂತ. ಹಪ್ಪಳ ಇಡಂಗಿಲ್ಲೇನು?"

ಅವಳ ಕಣ್ಣು ತುಂಬಿತು. ತವರುಮನೆಯ ವಸ್ತುವಿನ ಮೇಲೆ ನನಗೆ ಇಷ್ಟು ಕಾಳಜಿ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲವಂತೆ. ಅಂದು ಹೋಳಿಗೆ ಮಾಡಿದಳು. (ತಿನ್ನುವಾಗ ಮನಸ್ಸು ಸ್ವಲ್ಪ ಚುಚ್ಚಿತು; ತುಪ್ಪ ಬಿದ್ದ ಮೇಲೆ ಸರಿಹೋಯಿತು.)

ಸಹೋದ್ಯೋಗಿಗಳು ಬಂದರು. ಸೀಡಿ ತಿರುಗಿತು. ಅಕ್ಷತೆ ಗಾಳಿಯಲ್ಲೇ ನಿಂತಿತು, ಮದುಮಗಳ ಮುಖ ಚೌಕಚೌಕವಾಗಿ ಒಡೆಯಿತು, ನನ್ನ ಅತ್ತೆ ಅರ್ಧ ಮಾತ್ರ ಕಂಡರು. ನಾನು ಒಳಗೊಳಗೇ ಹಿಗ್ಗಿ, ಹೊರಗೆ ಲೊಚಗುಟ್ಟಿದೆ. ಅಷ್ಟರಲ್ಲಿ ಮೆರವಣಿಗೆ ಬಂತು, ಕುದುರೆ ಓಡಿತು, ಚಿತ್ರ ಗಕ್ಕನೆ ನಿಂತುಬಿಟ್ಟಿತು. ಒಂದು ಕಾಲು ಎತ್ತಿ, ಎರಡೂ ಕೈ ಚಾಚಿದ ನಾನು. ಒಂದು ಚೌಕವೂ ಇಲ್ಲ, ಒಂದು ಗೆರೆಯೂ ಇಲ್ಲ.

ರಿಮೋಟು ಒತ್ತಿದೆ. ಅಲುಗಲಿಲ್ಲ. ಸೀಡಿ ತೆಗೆಯೋಣವೆಂದರೆ ಪ್ಲೇಯರಿನ ಬಾಯಿ ತೆರೆಯಲಿಲ್ಲ. ಸ್ವಿಚ್ಚು ಹಿಂದಿ ಟೀಚರ್ ಕೇಶರಬಾಯಿಯವರ ಕುರ್ಚಿಯ ಹಿಂದಿತ್ತು. ಅವರಿಗೆ ಏಳುವ ಮನಸ್ಸಿರಲಿಲ್ಲ. ಕೊನೆಗೆ ನಾನೇ ಟೀವಿಗೆ ಅಡ್ಡ ನಿಂತೆ. ಚಾಚಿದ ಕೈಗಳು ನನ್ನ ಎರಡೂ ಬದಿಗೆ ಕಾಣುತ್ತಲೇ ಇದ್ದವು.

"ಸರಕೊಳ್ರಿ ಸರ್," ಎಂದರು ಕೇಶರಬಾಯಿ. "ಮುಖ ಭಾಳ ಸ್ವಚ್ಛ ಬಂದದ."

ಎಲ್ಲರೂ ಹೋದ ಮೇಲೆ ದೀಪಾಲಿ ಸಪ್ಪೆಮುಖ ಮಾಡಿಕೊಂಡು, ಇಷ್ಟು ಜೋಪಾನ ಮಾಡಿದರೂ ಯಾಕೆ ಕೆಟ್ಟಿತೆಂದು ಕೇಳಿದಳು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ವಿಜ್ಞಾನದ ಮಾಸ್ತರನ ಮುಂದೆ ಯಾರಾದರೂ "ಯಾಕೆ" ಎಂದರೆ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಬರೆದ ಸೀಡಿಯ ಆಯುಷ್ಯವೇ ಅಷ್ಟು ಎಂದೆ. ಅಂಚು ಹಿಡಿದು ಎತ್ತಬೇಕು, ಡಬ್ಬಿಯಲ್ಲಿ ನಿಲ್ಲಿಸಿ ತಂಪು ಕತ್ತಲಲ್ಲಿಡಬೇಕು ಎಂದೆ. (ಹಪ್ಪಳದ ಬಿಸಿಲು ಅವಳಿಗೆ ನೆನಪಾಗಲಿಲ್ಲ, ನನ್ನ ಪುಣ್ಯ.) ಎಲ್ಲಕ್ಕಿಂತ ಮುಖ್ಯವಾಗಿ, ಒಂದನ್ನೇ ನೆಚ್ಚಬಾರದು. ಹಲವು ಪ್ರತಿ ಮಾಡಿಸಿ ಬೇರೆ ಬೇರೆ ಊರಲ್ಲಿಡಬೇಕು ಎಂದೂ ಹೇಳಿಬಿಟ್ಟೆ.

ಮರುದಿನ ಬೆಳಗ್ಗೆ ಅವಳು ಬಸವಕಲ್ಯಾಣದ ಬಸ್ಸು ಹತ್ತಿದಳು. ಬಂದೇನವಾಜ್‌ನ ಬಳಿ ಮೂಲ ಟೇಪು ಭದ್ರವಾಗಿತ್ತಂತೆ. ಅದರಿಂದ ನಾಲ್ಕು ಪ್ರತಿ ಮಾಡಿಸಿ, ತವರಲ್ಲಿ ಒಂದು, ಚಿಟಗುಪ್ಪದ ಅಕ್ಕನಿಗೆ ಒಂದು, ಕೊಡಂಬಲದ ಚಿಕ್ಕಮ್ಮನಿಗೆ ಒಂದು ಕೊಟ್ಟು, ಎರಡು ದಿನದ ಮೇಲೆ ದಣಿದು ಬಂದಳು. ಮದುವೆಯಾದಾಗಿನಿಂದ ನಾನು ಹೇಳಿದ್ದನ್ನು ಅವಳು ಅಕ್ಷರಶಃ ಪಾಲಿಸಿದ್ದು ಇದೇ ಮೊದಲು. ಉಳಿದೊಂದು ಡಬ್ಬಿಯನ್ನು ಅಂಚು ಹಿಡಿದು ನನ್ನ ಕೈಗಿಟ್ಟಳು.

"ಇದು ನಿಮ್ಮ ಸಾಲಿ ಲೈಬ್ರರಿಗ್ರಿ. ಕೇಶರಬಾಯಿಯವರು 'ಕತ್ತಲ ಕಪಾಟಿನಾಗ ನಾನೇ ನಿಂದರಿಸಿ ಇಡ್ತೀನಿ' ಅಂದಾರ."