ಸ್ಟೋರಿನ ಮೆಟ್ಟಿಲ ಮೇಲೆ ಹನ್ನೊಂದು ಇಂಟರ್‌ವ್ಯೂ

ಕೆಲವರು ಹೋದಲ್ಲೆಲ್ಲ ನಾಯಿ ಬೆನ್ನು ಹತ್ತುತ್ತದೆ, ಕೆಲವರಿಗೆ ಯಾವಾಗಲೂ ಬಸ್ಸು ತಪ್ಪುತ್ತದೆ. ನನಗೆ ಇಂಟರ್‌ವ್ಯೂನಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಎರಡು ವರ್ಷದಲ್ಲಿ ಹನ್ನೊಂದು ಕೊಟ್ಟಿದ್ದೇನೆ. ಎಲ್ಲವೂ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ, ಅಂದರೆ ಬೇರೆಯವರು ಮಾಡಿಟ್ಟದ್ದರಲ್ಲಿ ತಪ್ಪು ಹುಡುಕುವ ಕೆಲಸಕ್ಕೆ. ನಿನಗೆ ಹೇಳಿ ಮಾಡಿಸಿದ ಕೆಲಸ ಎಂದು ನಮ್ಮ ಯಜಮಾನರು ಛೇಡಿಸುತ್ತಿದ್ದರು.

ಅವರು ಹೊಂಗಡಹಳ್ಳದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಸ್ಟೋರಿನ ಕೀಲಿ ಎಲ್ಲ ಅವರ ಕೈಯಲ್ಲಿ. ಮದುವೆಗೆ ಮೊದಲು ನಾನು ಮೈಸೂರಿನಲ್ಲಿ ಆರು ವರ್ಷ ಟೆಸ್ಟಿಂಗ್ ಮಾಡಿದ್ದೆ. ಇಲ್ಲಿಗೆ ಬಂದ ಮೇಲೆ ಹದಿನಾಲ್ಕು ವರ್ಷ ಸಾರಿನ ಉಪ್ಪು ಬಿಟ್ಟು ಬೇರೇನನ್ನೂ ಟೆಸ್ಟ್ ಮಾಡಲಿಲ್ಲ. ಮೂರು ವರ್ಷದ ಹಿಂದೆ ಯಜಮಾನರು ತೀರಿಕೊಂಡರು. ಎಸ್ಟೇಟಿನ ಸಾಹುಕಾರರು ಮನೆ ಬಿಡಿ ಎನ್ನಲಿಲ್ಲ, ಅದು ಅವರ ದೊಡ್ಡತನ. ಮನೆ ಇತ್ತು, ಮಾತಿಗೆ ಜನ ಇರಲಿಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಎಂಟು ಬೆಕ್ಕಿಗೆ. ಹೊಟ್ಟೆಪಾಡಿಗೆ ಕೆಲಸ ಬೇಕಿತ್ತು ನಿಜ, ಅದಕ್ಕಿಂತ ಹೆಚ್ಚಾಗಿ ಯಾರಾದರೂ ನನ್ನನ್ನು ಏನಾದರೂ ಕೇಳಬೇಕಿತ್ತು. ಇಂಟರ್‌ವ್ಯೂನಲ್ಲಿ ಕೇಳುತ್ತಾರೆ.

ಇಂಟರ್‌ವ್ಯೂ ಎಲ್ಲ ಲ್ಯಾಪ್‌ಟಾಪಿನಲ್ಲಿ, ವಿಡಿಯೋ ಕಾಲ್. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಸ್ಟೋರಿನ ಮೂರನೇ ಮೆಟ್ಟಿಲ ಮೇಲೆ ಮಾತ್ರ. ಎರಡನೆಯದರಲ್ಲಿ ಇಲ್ಲ, ನಾಲ್ಕನೆಯದರಲ್ಲೂ ಇಲ್ಲ. ಪಕ್ಕದಲ್ಲಿ ಮಡಚಿದ ಗೋಣಿಚೀಲದ ಮೇಲೆ ಮೇಸ್ತ್ರಿ ಕೂತಿರುತ್ತಾರೆ. ಆಳುಗಳಿಗೆ ಕೆಲಸ ಹಂಚುವ, ಅರವತ್ತು ದಾಟಿದ ಮನುಷ್ಯ. ಅದು ಅವರ ಜಾಗ, ನಾನೇ ಆಮೇಲೆ ಬಂದವಳು. ಹಾಗಾಗಿ ಏಳಿ ಎನ್ನಲು ಬಾಯಿ ಬರಲಿಲ್ಲ.

೧. ನಿಮ್ಮ ಬಗ್ಗೆ ಹೇಳಿ

ಎಲ್ಲ ಕಡೆ ಮೊದಲ ಪ್ರಶ್ನೆ ಇದೇ. ಓದು, ಅನುಭವ, ಎರಡು ನಿಮಿಷ, ಅಲ್ಲಿಗೆ ಸಾಕು ಎಂದು ತಿಳಿದವರು ಹೇಳುತ್ತಾರೆ. ಆದರೆ ನಮ್ಮ ಯಜಮಾನರು ಸಂಜೆ ಬಂದು ಕೊಡೆ ಮೂಲೆಗೆ ಒರಗಿಸಿ, ಮತ್ತೆ, ಏನ್ ಸಮಾಚಾರ, ಎನ್ನುತ್ತಿದ್ದರು. ನಾನು ಬೆಳಗಿನಿಂದ ಆದದ್ದನ್ನೆಲ್ಲ ಹೇಳುತ್ತಿದ್ದೆ. ಅವರು ಹೋದ ಮೇಲೆ ಹಾಗೆ ಕೇಳಿದವರಲ್ಲಿ, ನನ್ನ ಮೊದಲ ಇಂಟರ್‌ವ್ಯೂ ಮಾಡಿದ ಕಂಪನಿಯ ಹುಡುಗಿಯೇ ಮೊದಲು.

ಕನ್ನಡದಲ್ಲಿ ಹೇಳಬಹುದಾ ಎಂದೆ. ಹೇಳಿ ಎಂದಳು. ಕುಂದೂರಿನ ಶಾಲೆಯಿಂದ ಶುರುಮಾಡಿದೆ. ನಡುವೆ ಅವಳು ಎರಡು ಸಲ ಓಕೆ ಎಂದಳು. ಸಾಕು ಎನ್ನುವುದಕ್ಕೆ ಹಾಗೆ ಎಂದಳೋ ಏನೋ, ಮುಂದೆ ಹೇಳಿ ಎಂದಂತೆ ನನಗೆ ಕಂಡಿತು. ಮೈಸೂರಿನ ಬಾಡಿಗೆ ರೂಮು, ಹೆಣ್ಣು ನೋಡುವ ಶಾಸ್ತ್ರ ಎಲ್ಲ ದಾಟಿ ಮದುವೆಯ ಮುಹೂರ್ತಕ್ಕೆ ಬರುವಷ್ಟರಲ್ಲಿ ಅರ್ಧ ಗಂಟೆ ಮುಗಿದಿತ್ತು. ಟೆಸ್ಟಿಂಗ್ ಬಗ್ಗೆ ಏನೂ ಕೇಳುವುದಕ್ಕೆ ಆಗಲಿಲ್ಲವಲ್ಲ ಮೇಡಂ ಎಂದು ಪೇಚಾಡಿದಳು. ಪರವಾಗಿಲ್ಲ, ನಾಳೆ ಫೋನ್ ಮಾಡಿ, ಇನ್ನೂ ಇದೆ ಎಂದು ನಾನೇ ಸಮಾಧಾನ ಹೇಳಿದೆ. ಅವಳು ಮತ್ತೆ ಫೋನ್ ಮಾಡಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿದಾಗ ಮೇಸ್ತ್ರಿ ಗಲ್ಲ ಕೆರೆದುಕೊಂಡು, "ಮದ್ವೆ ಊಟುಕ್ಕೆ ಏನ್ ಮಾಡ್ಸಿದ್ರಿ ಅಂತ ಹೇಳ್ಲೇ ಇಲ್ವಲ್ಲ ರೈಟ್ರಮ್ಮ" ಎಂದರು.

೨. ಕೊಡೆ

ಈ ಇಂಟರ್‌ವ್ಯೂಗಳಲ್ಲಿ ಯಾವುದಾದರೂ ಸಾಮಾನಿನ ಹೆಸರು ಹೇಳಿ ಇದನ್ನು ಹೇಗೆ ಪರೀಕ್ಷೆ ಮಾಡುತ್ತೀರಿ ಎಂದು ಕೇಳುವ ರೂಢಿ ಉಂಟು. ಪೆನ್ನು, ಕುರ್ಚಿ, ಲಿಫ್ಟು. ಆ ದಿನ ಕೇಳಿದವನು ತುಮಕೂರಿನ ಕಡೆಯ ಹುಡುಗ, ಕನ್ನಡದಲ್ಲೇ ಕೊಡೆ ಎಂದ. ನಾನು ಓದಿಕೊಂಡದ್ದನ್ನು ಒಪ್ಪಿಸಿದೆ. ಬಿಚ್ಚಿ ನೋಡುತ್ತೇನೆ, ಮುಚ್ಚಿ ನೋಡುತ್ತೇನೆ, ನೀರು ಸುರಿದು ನೋಡುತ್ತೇನೆ, ನೂರು ಸಲ ಬಿಚ್ಚಿ ಮುಚ್ಚಿ ನೋಡುತ್ತೇನೆ.

ಮೇಸ್ತ್ರಿಗೆ ತಡೆಯಲಾಗಲಿಲ್ಲ. "ಯಾರ್ಗೆ, ಯಾವ ತಿಂಗ್ಳಿಗೆ ಅಂತ ಮೊದ್ಲು ಕೇಳಿ ರೈಟ್ರಮ್ಮ. ಆಷಾಢದ ಗಾಳಿಲಿ ಕೊಡೆ ಹಿಡ್ಕಂಡು ಕೆಲ್ಸ ಮಾಡಕ್ಕಾಯ್ತದಾ? ಅವಾಗ ತಲೆ ಮೇಲಿಂದ ಹೊದ್ಕಳ ಪ್ಲಾಸ್ಟಿಕ್ ಕೊಪ್ಪೆನೇ ಸರಿ."

ಹುಡುಗ ಕುರ್ಚಿಯಲ್ಲಿ ನೆಟ್ಟಗೆ ಕೂತ. ತನಗೆ ಬೇಕಾಗಿದ್ದ ಉತ್ತರ ಅದೇ, ಯಾರಿಗೆ ಬೇಕು ಎಂದು ಮೊದಲು ಕೇಳದವರು ಟೆಸ್ಟರೇ ಅಲ್ಲ ಎಂದ. ಯಾರು ಅವರು, ಎಷ್ಟು ವರ್ಷದ ಅನುಭವ ಎಂದು ಕೇಳಿದ. ಮೂವತ್ತೆಂಟು ಎಂದರು ಮೇಸ್ತ್ರಿ, ಕೂತಲ್ಲಿಂದಲೇ.

ಮೂರು ದಿನಕ್ಕೆ ಮೇಲ್ ಬಂತು. ನಾನು ಆಯ್ಕೆಯಾಗಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹಿರಿಯರು ಆಸಕ್ತಿ ಇದ್ದರೆ ಬಯೋಡೇಟಾ ಕಳಿಸಬಹುದು ಎಂದು ಕೊನೆಯಲ್ಲಿ ಒಂದು ಸಾಲು ಇತ್ತು. ಮೇಸ್ತ್ರಿಗೆ ಓದಿ ಹೇಳಿದೆ. ಮೆಣಸು ಕುಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂದರು.

೩. ಆನೆ ಮತ್ತು ಕಪ್ಪೆ

ತಪ್ಪಿನಿಂದ ಆಗುವ ಹಾನಿ ಎಷ್ಟು, ಅದನ್ನು ಸರಿಪಡಿಸುವ ಅವಸರ ಎಷ್ಟು, ಇವೆರಡಕ್ಕೂ ಏನು ವ್ಯತ್ಯಾಸ ಎಂಬುದು ಇನ್ನೊಂದು ಖಾಯಂ ಪ್ರಶ್ನೆ. ನಾನು ನಮ್ಮೂರಿನ ಉದಾಹರಣೆ ಕೊಟ್ಟೆ. ಆಚೆ ಗುಡ್ಡದಲ್ಲಿ ಆನೆ ಇದೆ, ಬಂದರೆ ಹಾನಿ ದೊಡ್ಡದು, ಸದ್ಯಕ್ಕೆ ಅವಸರವಿಲ್ಲ. ಬಚ್ಚಲಿನಲ್ಲಿ ಕಪ್ಪೆ ಇದೆ, ಹಾನಿ ಏನೂ ಇಲ್ಲ, ಆದರೆ ಅದು ಹೋಗುವ ತನಕ ನಾನು ಸ್ನಾನ ಮಾಡುವುದಿಲ್ಲ. ಇಂಟರ್‌ವ್ಯೂ ಮಾಡುತ್ತಿದ್ದವರು ನಕ್ಕರು. ಈ ಸಲ ಗೆದ್ದೆ ಎಂದುಕೊಂಡೆ.

ಅಷ್ಟರಲ್ಲಿ ಆನೆ ಎಲ್ಲಿದೆ ಎಂದು ತಿಳಿಸುವ ಅರಣ್ಯ ಇಲಾಖೆಯ ಮೆಸೇಜು ಮೊಬೈಲಿಗೆ ಬಂತು. ಹಿಂಡು ನಮ್ಮ ಬೇಲಿಯ ಹತ್ತಿರವೇ ಇತ್ತು. ಸರ್, ಈಗ ಎರಡೂ ಜಾಸ್ತಿಯಾಯಿತು ಎಂದು ಹೇಳಿ, ಲ್ಯಾಪ್‌ಟಾಪ್ ಎದೆಗವಚಿಕೊಂಡು ಸ್ಟೋರಿನೊಳಗೆ ಓಡಿದೆ. ಮೇಸ್ತ್ರಿ ಆಳುಗಳ ಲೈನುಮನೆಯ ಹೆಂಗಸರನ್ನೂ ಒಳಗೆ ಕರೆದು ಅಗುಳಿ ಹಾಕಿದರು. ಎರಡು ಗಂಟೆ ಕಾಫಿ ಮೂಟೆಗಳ ಮೇಲೆ ಕೂತು ಪಿಸಪಿಸ ಹರಟೆ ಹೊಡೆದೆವು. ಹೇಳಬಾರದು, ಆ ವರ್ಷ ನಾನು ಅಷ್ಟು ಸಂತೋಷವಾಗಿದ್ದದ್ದು ಅವತ್ತೊಂದೇ ದಿನ. ಆನೆ ಹೋಯಿತು ಎಂದಾಗ ಎಲ್ಲರೂ ಎದ್ದರು, ನನಗೆ ಬೇಜಾರಾಯಿತು.

ಮಾರನೆಯ ದಿನ ಕಂಪನಿಯ ಅಭಿಪ್ರಾಯ ಬಂತು. ಉತ್ತರ ಚೆನ್ನಾಗಿತ್ತು, ಉದಾಹರಣೆಯನ್ನು ಮಾತ್ರ ತೀರಾ ಎಳೆದರು ಎಂದು ಬರೆದಿದ್ದರು.

೪. ಟೆಸ್ಟಿಂಗ್ ಯಾವಾಗ ನಿಲ್ಲಿಸಬೇಕು?

ಇದಕ್ಕೂ ಉತ್ತರ ಬಾಯಿಪಾಠವಿತ್ತು. ತಪ್ಪುಗಳು ಎಂದೂ ಪೂರ್ತಿ ಮುಗಿಯುವುದಿಲ್ಲ, ಇನ್ನು ಹುಡುಕಿ ಪ್ರಯೋಜನವಿಲ್ಲ ಎಂದು ಗೊತ್ತಾದಾಗ ನಿಲ್ಲಿಸಬೇಕು. ಹೇಳುತ್ತ ಹೇಳುತ್ತ ಅರ್ಧಕ್ಕೆ ನಿಂತೆ. ಯಜಮಾನರನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ ಐದನೆಯ ದಿನ ಡಾಕ್ಟರು, ಇನ್ನು ಯಾವ ಪರೀಕ್ಷೆಯೂ ಬೇಡಮ್ಮ, ಮನೆಗೆ ಕರಕೊಂಡು ಹೋಗಿ ಎಂದಿದ್ದರು. ಎಷ್ಟು ಮೆತ್ತಗೆ ಹೇಳಿದ್ದರೆಂದರೆ, ಗುಣವಾಯಿತು ಎಂದುಕೊಂಡು ನಾನು ಖುಷಿಯಿಂದ ಬಟ್ಟೆ ಮಡಚತೊಡಗಿದ್ದೆ.

ಲ್ಯಾಪ್‌ಟಾಪಿನೊಳಗಿಂದ ಹಲೋ, ಹಲೋ ಎನ್ನುವುದು ಕೇಳುತ್ತಿತ್ತು. ಮೇಡಂ, ನೆಟ್‌ವರ್ಕ್ ಹೋಯ್ತಾ ಎಂದು ಮತ್ತೆ ಮತ್ತೆ ಕೇಳಿದರು.

ಮೇಸ್ತ್ರಿ ಎದ್ದು ಬಂದು ಕ್ಯಾಮೆರಾದ ಹತ್ತಿರ ಬಗ್ಗಿ, "ನೆಟ್ವರ್ಕ್ ಐತೆ ಸ್ವಾಮಿ. ಅಮ್ಮೋರೇ ಒಂಚೂರು ಇಲ್ಲ" ಎಂದರು.

೫. ನಮ್ಮನ್ನೇನಾದರೂ ಕೇಳುವುದಿದೆಯಾ?

ಹನ್ನೊಂದನೆಯದನ್ನು ಮಾಡಿದವರು ಒಬ್ಬ ಹೆಂಗಸು, ಆ ತಂಡದ ಮುಖ್ಯಸ್ಥೆ. ಕೊನೆಯಲ್ಲಿ ಎಲ್ಲರೂ ಕೇಳುವಂತೆ, ನಮ್ಮನ್ನೇನಾದರೂ ಕೇಳುವುದಿದೆಯಾ ಎಂದರು. ಕಂಪನಿಯ ಮುಂದಿನ ಯೋಜನೆ ಏನು ಎಂದು ಕೇಳಬೇಕಂತೆ. ನಾನು ಪ್ರತಿ ಸಲ ಕೇಳುವುದು ಊಟ ಆಯ್ತಾ ಎಂದು. ಮೊದಲಿನವರೆಲ್ಲ ಅದಕ್ಕೆ ತಡವರಿಸಿದ್ದರು. ಈಕೆ ಮಾತ್ರ ಗಡಿಯಾರ ನೋಡಿ, ಮೂರು ಗಂಟೆಯಾಯಿತು, ಇನ್ನೂ ಇಲ್ಲ ಎಂದರು. ಅಕ್ಕಿ ರೊಟ್ಟಿ, ಕಳಲೆ ಪಲ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿದೆವು. ಆಮೇಲೆ, ಸೋಮವಾರದಿಂದ ಕೆಲಸ ಶುರುಮಾಡಿ ಎಂದರು.

ಕೆಲಸ ಸಿಕ್ಕಿಬಿಟ್ಟಿತು. ಅವರು ಸಂತೋಷದಿಂದ ಸೌಲಭ್ಯ ವಿವರಿಸಿದರು. ಕೂತಲ್ಲಿಂದಲೇ ಕೆಲಸ, ಫೋನ್ ಇಲ್ಲ, ಮೀಟಿಂಗ್ ಇಲ್ಲ, ಎಲ್ಲ ಬರೆದು ಕಳಿಸಿದರಾಯಿತು. ತಿಂಗಳುಗಟ್ಟಲೆ ಯಾರೂ ಯಾರ ದನಿಯನ್ನೂ ಕೇಳಬೇಕಾಗಿಲ್ಲ, ಅಷ್ಟು ನೆಮ್ಮದಿ.

ನಾನು ಮೆಲ್ಲಗೆ, ಮೇಡಂ, ಇನ್ನೊಂದು ರೌಂಡ್ ಏನಾದರೂ ಇದೆಯಾ ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು.

ಮೇಸ್ತ್ರಿಗೆ ಹೇಳಿದಾಗ ಒಳ್ಳೇದಾಯ್ತು ಎಂದರು. ಗೋಣಿಚೀಲ ಕೊಡವಿ ಮತ್ತೆ ಮಡಚುತ್ತ, "ಹಂಗಾರೆ ಇನ್ಮೇಲೆ ಇಂಟ್ರೂ ಇಲ್ವಾ?" ಎಂದು ಕೇಳಿದರು.

ಮೊದಲ ವಾರ ತಪ್ಪು ಹುಡುಕಿದೆ, ಬರೆದು ಕಳಿಸಿದೆ, ಅತ್ತಲಿಂದ ಹೆಬ್ಬೆರಳಿನ ಚಿತ್ರ ಬಂತು. ಅಷ್ಟೇ. ಕೆಲಸವಿಲ್ಲದಾಗ ಇದ್ದದ್ದಕ್ಕಿಂತ ಹೆಚ್ಚು ಒಂಟಿಯಾದೆ. ಆಫೀಸಿನ ಹೊತ್ತು, ತೊಂದರೆ ಕೊಡಬಾರದು ಎಂದು ಮೇಸ್ತ್ರಿಯೂ ಚೀಲ ಎತ್ತಿಕೊಂಡು ಕಣದ ಆಚೆ ಹೋಗಿ ಕೂರತೊಡಗಿದರು.

ಎಂಟನೆಯ ದಿನ ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಬಂದರು. ಒಗೆದ ಅಂಗಿ, ಕತ್ತಿನವರೆಗೆ ಗುಂಡಿ. ಚೀಲವನ್ನು ನನ್ನ ಎದುರಿಗೇ ಹಾಕಿ ಕೂತು, ಹಾಜರಿ ಪುಸ್ತಕ ತೊಡೆಯ ಮೇಲಿಟ್ಟು, ಗಂಟಲು ಸರಿಮಾಡಿಕೊಂಡರು.

"ಟೆಲ್ ಮಿ ಅಬೌಟು ಯುವರ್ ಸೆಲ್ಫು."

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಈ ಮೊದಲ ಪ್ರಶ್ನೆ ಕೇಳುವಾಗ ನಗಬಾರದೆಂದು ಹನ್ನೊಂದು ಸಲ ನೋಡಿ ಕಲಿತಿದ್ದರು. ಲ್ಯಾಪ್‌ಟಾಪ್ ಮುಚ್ಚಿದೆ. ಬೆಳಗಿನಿಂದ ಆದದ್ದೆಲ್ಲ ಹೇಳಿದೆ. ಬೆಕ್ಕು ಹಾಲು ಚೆಲ್ಲಿದ್ದು, ಕಂಪನಿಯವರ ತಪ್ಪು ಸಿಕ್ಕಿದ್ದು, ಯಜಮಾನರ ಕೊಡೆ ಇನ್ನೂ ಮೂಲೆಯಲ್ಲೇ ಇರುವುದು. ಮದುವೆ ಊಟಕ್ಕೆ ಹೋಳಿಗೆ ಮಾಡಿಸಿದ್ದು, ಅದು ಸಾಲದೆ ಹೋಗಿ ಬೀಗರು ಮುನಿಸಿಕೊಂಡದ್ದು. ನಡುವೆ ಅವರು ಎರಡು ಸಲ ಓಕೆ ಎಂದರು. ನೆರಳು ಕಣ ದಾಟಿತು.

ಕೊನೆಗೆ ಪುಸ್ತಕ ಮುಚ್ಚಿ ಎದ್ದರು. ಏನು ಮೇಸ್ತ್ರಿ, ಸೆಲೆಕ್ಟ್ ಆದೆನಾ ಎಂದೆ.

"ಆಗ್ಲಿಲ್ಲ ಕಣ್ರಮ್ಮ" ಎಂದರು. "ನಾಳೆ ಇನ್ನೊಂದ್ ರೌಂಡ್ ಐತೆ."