ಕುದುರೆ ಕಳ್ಳನ ಪರವಾಗಿ ನಮ್ಮ ಭಾವ

ನಮ್ಮ ಭಾವನಿಗೆ, ಅಂದರೆ ನನ್ನ ಅಕ್ಕನ ಗಂಡನಿಗೆ, ದೇವರಲ್ಲಿ ನಂಬಿಕೆ ಇದೆ. ಆದರೆ ಆ ದೇವರೇ ಒಂದು ಒಳ್ಳೆಯ ದಿನ ಕೊಟ್ಟರೆ, ‘ಇದರ ಹಿಂದೆ ಎಂತದೋ ಉಂಟು’ ಎಂದು ಕಣ್ಣು ಕಿರಿದು ಮಾಡುತ್ತಾರೆ!

ದೋಹಾದ ಮಾರ್ಕೆಟ್ಟಿನಲ್ಲಿ ಮೀನಿನ ಕಿವಿರು ಕಪ್ಪಾಗಿದ್ದರೆ ಹಳತು ಎನ್ನುತ್ತಾರೆ. ಕೆಂಪಾಗಿದ್ದರೆ? “ಇಷ್ಟು ಕೆಂಪು ಯಾಕೆ ಮಾರಾಯ?” ಮಲಯಾಳಿ ವ್ಯಾಪಾರಿ ಈಗ ಇವರನ್ನು ಕಂಡರೆ ಕೈಮುಗಿದು, “ಖಲಾಸ್, ಮೀನ್ ಖಲಾಸ್!” ಎನ್ನುತ್ತಾನೆ, ಎದುರಿಗೆ ರಾಶಿ ಬಿದ್ದಿದ್ದರೂ.

ಇಲ್ಲಿಯ ಮೆಟ್ರೋಗೆ ಚಾಲಕನಿಲ್ಲ. ಒಮ್ಮೆ ಅಲ್ ಮನ್ಸೂರಾದಲ್ಲಿ ನಾನೇ ಒತ್ತಾಯದಿಂದ ಹತ್ತಿಸಿದೆ. ಭಾವ ನೆಟ್ಟಗೆ ಮುಂದಿನ ಗಾಜಿನ ಬಳಿ ಹೋಗಿ ನಿಂತರು. ಮುಂದಿನ ನಿಲ್ದಾಣದಲ್ಲೇ ಇಳಿದು ಟ್ಯಾಕ್ಸಿ ಹಿಡಿದರು. “ನೋಡಿದೆನಲ್ಲ, ನಿಜವಾಗಿಯೂ ಯಾರೂ ಇಲ್ಲ!”

ಇಂಥವರ ಅಲ್ ವುಕೈರಿನ ಫ್ಲಾಟಿನ ಮೇಲ್ಮಹಡಿಗೆ ಕಳೆದ ವರ್ಷ ಒಬ್ಬ ಅಮೆರಿಕನ್ ಬಾಡಿಗೆಗೆ ಬಂದ. ಅರವತ್ತು ದಾಟಿದ ಮೇಷ್ಟ್ರು, ಒಂಟಿ ಮನುಷ್ಯ.

“ಅಮೆರಿಕದವ ಬಿಳಿಯರೆಲ್ಲ ಇರುವ ವೆಸ್ಟ್ ಬೇ ಬಿಟ್ಟು ನಮ್ಮ ಮೇಲೆ ಯಾಕೆ ಬಂದು ಕೂತದ್ದು?” ಎಂದು ಭಾವ ತಿಂಗಳುಗಟ್ಟಲೆ ತಲೆಕೆಡಿಸಿಕೊಂಡರು. ಕೊನೆಗೆ ಅಕ್ಕ ಬೇಸತ್ತು ಆ ಮೇಷ್ಟ್ರನ್ನು ನೀರುದೋಸೆಗೆ ಕರೆದೇಬಿಟ್ಟಳು.

ಪಾಪ, ಮೇಷ್ಟ್ರು ಎರಡನೇ ದೋಸೆಗೇ ವಂಶದ ಕತೆ ತೆಗೆದರು. ಅವರ ಮುತ್ತಜ್ಜ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಊರು ಇನ್ನೂ ಊರಾಗದ ಹುಲ್ಲುಗಾವಲಿನ ಸೀಮೆಯಲ್ಲಿದ್ದನಂತೆ. ನೆರೆಯವನ ಕುದುರೆ ಕದ್ದು, ನೇಣಿಗೆ ಹೆದರಿ, ಬಂಡಿ ಕಟ್ಟಿ ಪಶ್ಚಿಮಕ್ಕೆ ಓಡಿದನಂತೆ. “ನಾವು ಕಳ್ಳನ ಸಂತಾನ!” ಎಂದು ನಕ್ಕರು. ನಾವೂ ನಕ್ಕೆವು.

ಭಾವ ನಗಲಿಲ್ಲ. “ಕದ್ದದ್ದನ್ನು ನೋಡಿದ್ದು ಯಾರು?”

“ಮನೆಯಲ್ಲಿ ಎಲ್ಲರೂ ಹೇಳುತ್ತಾರೆ.”

“ಎಲ್ಲರೂ ಹೇಳುವುದೇ ಅನುಮಾನದ ವಿಷಯ ಸಾರ್. ಆಗ ನಿಮ್ಮ ಮುತ್ತಜ್ಜನ ಹೆಂಡತಿ ಎಲ್ಲಿದ್ದರು?”

ಮೇಷ್ಟ್ರ ಕೈಯ ದೋಸೆ ಅಲ್ಲೇ ನಿಂತಿತು. ಆ ಪ್ರಶ್ನೆಯನ್ನು ಅವರ ಕುಟುಂಬದಲ್ಲಿ ಯಾರೂ ಕೇಳಿರಲಿಲ್ಲ. ಊರಲ್ಲಿ ತೊಂಬತ್ತು ದಾಟಿದ ಸೋದರತ್ತೆಯೊಬ್ಬರು ಇದ್ದಾರೆ, ಅವರಿಗೆ ಗೊತ್ತಿರಬಹುದು ಎಂದರು. “ಯಲ್ಲಾ, ತಡ ಯಾಕೆ, ಫೋನ್ ಮಾಡಿ!” ಎಂದರು ಭಾವ.

ಮುಂದಿನ ಶುಕ್ರವಾರ ಸಂಜೆ, ಅಲ್ಲಿ ಬೆಳಗ್ಗೆ, ವಿಡಿಯೋ ಕಾಲ್. ಭಾವ ಇಸ್ತ್ರಿ ಅಂಗಿ ಹಾಕಿ ವಕೀಲರಂತೆ ಕುಳಿತರು. (ಮಾತೆಲ್ಲ ಇಂಗ್ಲಿಷಿನಲ್ಲೇ. ನಮ್ಮೂರ ಕನ್ನಡಕ್ಕೆ ಇಳಿಸಿದ ಪಾಪ ನನ್ನದು!)

“ಅಮ್ಮ, ಕುದುರೆ ತಗೊಂಡು ನಿಮ್ಮ ಅಜ್ಜ ಹೋದದ್ದು ಎಲ್ಲಿಗೆ?”

ಮುದುಕಿ ಇವರನ್ನೇ ನೋಡುತ್ತಾ ಹೇಳಿದರು, “ಡಾಕ್ಟರ ಮನೆಗೆ.”

“ಕಳ್ಳ ಡಾಕ್ಟರ ಮನೆಗೆ ಯಾಕೆ ಹೋಗ್ತಾನೆ?”

“ಅಜ್ಜಿಗೆ ಹೆರಿಗೆ ಕಷ್ಟವಾಗಿತ್ತು, ಹೊರಗೆ ಹಿಮ. ಕೇಳಿದರೆ ನೆರೆಯವ ಕುದುರೆ ಕೊಡಲಿಲ್ಲ. ಅಜ್ಜ ಬಿಚ್ಚಿಕೊಂಡು ಹೋದ. ಡಾಕ್ಟರನ್ನು ಕರಕೊಂಡು ಬಂದ. ಕುದುರೆ ಹಿಮದಲ್ಲಿ ಸತ್ತಿತು. ಅಜ್ಜಿಯೂ ಉಳಿಯಲಿಲ್ಲ. ಉಳಿದ ಮಗು ನನ್ನ ಅಪ್ಪ.”

“ಇದನ್ನು ನಮಗೆ ಯಾಕೆ ಹೇಳಲಿಲ್ಲ ಅತ್ತೆ?” ಎಂದರು ಮೇಷ್ಟ್ರು.

“ನೀವೆಲ್ಲ ಕಳ್ಳನ ಕತೆ ಹೇಳಿ ನಗುತ್ತಿದ್ದಿರಿ. ನನ್ನನ್ನು ಯಾರು ಕೇಳಿದರು?”

ಅಷ್ಟಕ್ಕೆ ಸಾಕು ಎಂದು ನಾನು ಭಾವನ ತೋಳು ಎಳೆದೆ. ಬಿಡಬೇಕಲ್ಲ! ಪರದೆಯ ಹತ್ತಿರಕ್ಕೆ ಬಾಗಿದರು. ಈ ಸಲ ದನಿಯಲ್ಲಿ ವಕೀಲ ಇರಲಿಲ್ಲ.

“ಅಮ್ಮ, ಪಶ್ಚಿಮಕ್ಕೆ ಹೋಗುವ ದಾರಿಯಲ್ಲಿ ಮಗುವಿಗೆ ಹಾಲು ಯಾರು ಕೊಟ್ಟರು?”

“ಜೊತೆಗೆ ಬೇರೆ ಬಂಡಿಗಳೂ ಹೊರಟಿದ್ದವು. ಸಂಜೆಯಾದರೆ ಅಜ್ಜ ಟೋಪಿ ಕೈಯಲ್ಲಿ ಹಿಡಿದು, ಎಳೆಮಗುವಿದ್ದ ಬಂಡಿಯ ಮುಂದೆ ಹೋಗಿ ನಿಲ್ಲುತ್ತಿದ್ದ. ಯಾವ ತಾಯಿಯೂ ಇಲ್ಲ ಅನ್ನಲಿಲ್ಲ.”

ಭಾವ ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: “ಇವರನ್ನು ಹೆತ್ತು ನನ್ನ ಅತ್ತೆ ತೀರಿಕೊಂಡದ್ದು, ನಿನಗೆ ಗೊತ್ತಿಲ್ಲ. ಹಾಲು ಕೊಟ್ಟು ಸಾಕಿದ್ದು ಆಚೆಮನೆಯ ಬ್ಯಾರಿ ಹೆಂಗಸು.”

ಇಷ್ಟು ವರ್ಷ ಅವರ ಮನೆಯಲ್ಲಿ ಉಂಡು ನಗಾಡಿದ ನನಗೆ ಅದು ಗೊತ್ತೇ ಇರಲಿಲ್ಲ.

ಫೋನ್ ಇಟ್ಟ ಮೇಲೆ ಮೇಷ್ಟ್ರು ಭಾವನ ಕೈ ಹಿಡಿದುಕೊಂಡರು. “ಹಾಲಿನ ಪ್ರಶ್ನೆ ನಿಮಗೆ ಹೇಗೆ ಹೊಳೆಯಿತು?”

“ಯಾರಾದರೂ ಕೊಟ್ಟಿರಲೇಬೇಕಲ್ಲ ಸಾರ್,” ಎಂದರು ಭಾವ. “ಇಲ್ಲದಿದ್ದರೆ ನಾವಿಬ್ಬರು ಇಲ್ಲಿ ಕೂತಿರ್ತಿದ್ದೆವಾ?”